ಒಂದು ಕುಣಿಕೆ ಕಡಿಮೆ

ಎವಾರಿಸ್ತೊ ಯಾರೋ ಹುಡುಗಿಯ ಚೀಲ ಹೊತ್ತುಕೊಂಡು ದೋಣಿಯಿಂದ ಇಳಿದ. ದಲ್ಕಾವೆ ಸಂತೆಯಲ್ಲಿ ಉಲ್ಲನ್ ಮಾರುತ್ತ ಕೂತಿದ್ದ ಮಿರೇಯಾಳ ಹೊಟ್ಟೆ ಉರಿಯುವುದಕ್ಕೆ ಅಷ್ಟು ಸಾಕಾಯಿತು.

ಮೂರು ವರ್ಷದಿಂದ ಪ್ರತಿ ಭಾನುವಾರ ಈ ದೋಣಿಯವನು ಅವಳ ಅಂಗಡಿಯ ಒಲೆಯ ಪಕ್ಕ ನಿಂತು, ಬಿಸಿ ಆಲೂಗಡ್ಡೆ ರೊಟ್ಟಿ ತಿಂದು, ಅವಳ ಕಿವಿಯ ಓಲೆ ನೋಡಿಕೊಂಡು ಹೋಗುತ್ತಿದ್ದ. ಹೇಳಬೇಕಾದ ಮಾತನ್ನು ಮಾತ್ರ ಇಬ್ಬರೂ ಹೇಳಿರಲಿಲ್ಲ.

"ಮಿರೇಯಾ, ಇವರು ಹಿಮೇನಾ. ನಮ್ಮ ದ್ವೀಪಕ್ಕೆ ಬಂದಿರೋ ಹೊಸ ನರ್ಸು. ಉತ್ತರದ ಕಡೆಯವರು, ಇಲ್ಲಿನ ಚಳಿ ತಡ್ಕೊಳ್ಳೋಕೆ ಆಗ್ತಿಲ್ವಂತೆ."

"ಅದಕ್ಕೇನು, ಹೆಣೆದಿಟ್ಟ ಕಂಬಳಿ ಇದೆಯಲ್ಲ, ತಗೊಂಡ್ಹೋಗ್ಲಿ."

"ಇಲ್ಲಕ್ಕಾ, ನನ್ನ ಕೈಯಾರೆ ಹೆಣೀಬೇಕು ಅಂತ ಆಸೆ. ಇದುವರೆಗೂ ಕಡ್ಡಿ ಹಿಡಿದೇ ಇಲ್ಲ ನಾನು."

ಅಕ್ಕನಂತೆ! ತಾನು ಹೆಚ್ಚೆಂದರೆ ಎರಡು ವರ್ಷ ದೊಡ್ಡವಳಿರಬಹುದು. ಆ ಹುಡುಗಿಯ ಕೆನ್ನೆಯೋ, ಗಾಳಿಗೆ ಇನ್ನಷ್ಟು ಕೆಂಪಾಗಿತ್ತು. ಎವಾರಿಸ್ತೊ ಆ ಚೀಲವನ್ನು ಇನ್ನೂ ಭುಜದಿಂದ ಇಳಿಸಿರಲಿಲ್ಲ.

"ನಿನ್ನಷ್ಟು ಚೆನ್ನಾಗಿ ಇನ್ಯಾರು ಕಲಿಸ್ತಾರೆ ಹೇಳು," ಎಂದ ಅವನು, ಒಂದು ಹುಬ್ಬೇರಿಸಿ.

ಮಿರೇಯಾ ದಪ್ಪ ಕಡ್ಡಿ ತೆಗೆದಳು. ಹೊಸಬರಿಗೆ ಅಕ್ಕಿಕಾಳು ಹೆಣಿಗೆಯೇ ಸುಲಭ. ಒಂದು ಸೀದಾ, ಒಂದು ಉಲ್ಟಾ, ಅಷ್ಟೇ. ಪ್ರತಿ ಸಾಲನ್ನೂ ಸೀದಾದಿಂದಲೇ ಶುರುಮಾಡಿದರೆ ಕಂಬಳಿಯ ತುಂಬ ಕಾಳು ಹರಡಿದ ಹಾಗೆ ಉಬ್ಬುಬ್ಬಾಗಿ ಬರುತ್ತದೆ. ಆದರೆ ಮೊದಲ ಸಾಲಿನ ಕುಣಿಕೆಗಳು ಬೆಸ ಸಂಖ್ಯೆಯಲ್ಲಿರಬೇಕು. ಸಮ ಸಂಖ್ಯೆಯಾದರೆ ಕಾಳು ಮೂಡುವುದಿಲ್ಲ, ಬರೀ ಉದ್ದುದ್ದ ಗೆರೆ ಬಿದ್ದು ಅಗಲವೆಲ್ಲ ಕುಗ್ಗಿಹೋಗುತ್ತದೆ.

ನೂರಿಪ್ಪತ್ತೊಂದು ಕುಣಿಕೆ ಕಡ್ಡಿಗೆ ಏರಿಸಬೇಕಿತ್ತು. ಮಿರೇಯಾ ನೂರಿಪ್ಪತ್ತಕ್ಕೆ ಕೈ ನಿಲ್ಲಿಸಿ, ಕಡ್ಡಿಯನ್ನು ಹುಡುಗಿಯ ಕೈಗಿಟ್ಟಳು. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದಳು.

ನಾಲ್ಕು ವಾರದ ನಂತರ ಹಿಮೇನಾ ಎವಾರಿಸ್ತೊನ ಜೊತೆಗೇ ಬಂದು ಚೀಲ ಬಿಚ್ಚಿದಳು. ಹಾಸಿಗೆ ತುಂಬಬೇಕಿದ್ದ ಕಂಬಳಿ ಮಫ್ಲರಿಗಿಂತ ಸ್ವಲ್ಪ ಅಗಲವಾಗಿತ್ತು, ಅಷ್ಟೇ.

"ನನ್ನ ಕೈಯೇ ಸರಿಯಿಲ್ಲ ಅಕ್ಕಾ. ನಾನು ಇಂಜೆಕ್ಷನ್ ಕೊಟ್ರೆ ಮಕ್ಕಳೂ ಅಳಲ್ಲ. ಇದನ್ನ ಹಿಡ್ಕೊಂಡು ನಾನೇ ಅಳ್ತಾ ಕೂತಿದ್ದೀನಿ. ಬೇಡ, ಬಿಟ್ಬಿಡ್ತೀನಿ."

ಎವಾರಿಸ್ತೊ ಕಡ್ಡಿ ತೆಗೆದುಕೊಂಡು ಕುಣಿಕೆ ಎಣಿಸಿದ. ಹೆಣೆಯುವ ತಾಯಿಯ ಮಡಿಲಲ್ಲಿ ಬೆಳೆದವನು.

"ಇವರದ್ದೇನೂ ತಪ್ಪಿಲ್ಲ," ಎಂದ ಮೆಲ್ಲಗೆ. "ಏರಿಸಿರೋದೇ ನೂರಿಪ್ಪತ್ತು." ಆಮೇಲೆ ಮಿರೇಯಾಳ ಮುಖ ನೋಡಿದ. "ಅವತ್ತು ಗಿರಾಕಿ ಜಾಸ್ತಿ ಇದ್ರು. ಮರ್ತಿರ್ತೀಯ."

ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಇಡೀ ಸಂತೆಯಲ್ಲಿ ಅವಳ ಹೆಣಿಗೆಗೆ ಹೆಸರಿತ್ತು, ಆ ಹೆಸರೂ ಉಳಿಯುತ್ತಿತ್ತು, ಅವನೂ ಮುಂದಿನ ಭಾನುವಾರ ಬರುತ್ತಿದ್ದ. ಆದರೆ ಹುಡುಗಿ ಮೂಗೊರೆಸಿಕೊಳ್ಳುತ್ತ ಅವನ ಕೈಯಿಂದ ಕಡ್ಡಿಗಳನ್ನು ತೆಗೆದು ಹಿಂದಕ್ಕೆ ಕೊಡಲು ಕೈ ಚಾಚಿದ್ದಳು.

"ಮರ್ತಿಲ್ಲ. ಬೇಕಂತಲೇ ಮಾಡ್ದೆ," ಎಂದಳು ಮಿರೇಯಾ.

"ಯಾಕಕ್ಕಾ?"

"ಇವನು ನಿನ್ನ ಚೀಲ ಹೊತ್ಕೊಂಡು ಬಂದ. ಮೂರು ವರ್ಷದಲ್ಲಿ ನನ್ನ ಬುಟ್ಟಿ ಒಂದಿನಾನೂ ಮುಟ್ಟಿಲ್ಲ. ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಸಾಯೋಷ್ಟು ಇಷ್ಟ ನಂಗೆ ಇವನಂದ್ರೆ. ಸಾಕಾ?"

ಪಕ್ಕದ ಅಂಗಡಿಯ ಮೀನಿನವಳು ಚಾಕು ಕೆಳಗಿಟ್ಟಳು.

"ಅಯ್ಯೋ ಮಾರಾಯ್ತಿ, ಬುಟ್ಟಿ ಹೊರ್ಲಾ ಅಂತ ಎರಡು ಸಲ ಕೇಳಿದ್ನಲ್ಲೇ!" ಎಂದ ಎವಾರಿಸ್ತೊ. "'ನಂಗೂ ಕೈಯಿದೆ, ನಿನ್ನ ದೋಣಿ ನೀನು ನೋಡ್ಕೋ' ಅಂತ ನೀನೇ ಅಂದೆ."

"ಮತ್ತೊಂದು ಸಲ ಕೇಳೋಕೇನು ಧಾಡಿ ನಿಂಗೆ?"

ಹಿಮೇನಾ ಅಳು ಮರೆತು ನಕ್ಕುಬಿಟ್ಟಳು. "ಅಕ್ಕಾ, ದೋಣಿ ಹತ್ತಿದಾಗಿಂದ ಇಳಿಯೋತನಕ ಇವರ ಬಾಯಲ್ಲಿ ನಿಮ್ಮದೇ ಪುರಾಣ. ನಂಗೆ ತಲೆ ತಿರುಗೋದು ಅಲೆಗಲ್ಲ." ಆಮೇಲೆ ಮುಖ ಬಿಗಿದಳು. "ಆದ್ರೆ ನಾಲ್ಕು ವಾರ ಹೆಣೆದಿದ್ದೀನಿ. ಅಷ್ಟು ಸುಲಭಕ್ಕೆ ಬಿಡಲ್ಲ ನಿಮ್ಮನ್ನ. ನೀವೇ ಮತ್ತೆ ಏರಿಸಿಕೊಡ್ಬೇಕು."

"ಕೊಡ್ತೀನಿ ತಂಗಿ. ತಪ್ಪಾಯ್ತು."

ಹಿಮೇನಾ ಎಳೆ ಹಿಡಿದು ಕಂಬಳಿ ಬಿಚ್ಚತೊಡಗಿದಳು. ಬಿಚ್ಚಿದ ಉಲ್ಲನ್ ಗಂಟಾಗದಂತೆ ಸುತ್ತಿಕೊಳ್ಳಲು ಯಾರಾದರೂ ಎರಡು ಕೈ ಚಾಚಿ ನಿಲ್ಲಬೇಕು. ಎವಾರಿಸ್ತೊ ಕರೆಯುವ ಮೊದಲೇ ಬಂದು ನಿಂತ. ಮಿರೇಯಾ ಅವನ ಮುಂಗೈಗಳಿಗೆ ಎಳೆ ಸುತ್ತುತ್ತ ಹೋದಳು. ಅವನ ಬಿಸಿಯುಸಿರು ಅವಳ ಹಣೆಗೆ ತಾಗುತ್ತಿತ್ತು. ತಲೆಯೆತ್ತಲು ಅವಳಿಗೆ ನಾಚಿಕೆ.

"ಮಿರೇಯಾ, ನನ್ನ ಮದ್ವೆ ಆಗ್ತೀಯಾ?"

"ಕೈ ಕಟ್ಟಿಸ್ಕೊಂಡು ಕೇಳೋ ಮಾತಾ ಇದು?"

"ಬಿಚ್ಚಿದ್ರೆ ಧೈರ್ಯ ಹೋಗ್ಬಿಡತ್ತೆ ಕಣೇ."

ಅವಳು ಇನ್ನೊಂದು ಸುತ್ತು ಸುತ್ತಿದಳು, ಬೇಕಿದ್ದಕ್ಕಿಂತ ಬಿಗಿಯಾಗಿ.

"ಆಗ್ತೀನಿ. ಈಗ ಕೈ ಮೇಲೆತ್ತು, ಉಲ್ಲನ್ ಜಾರ್ತಿದೆ."