ಹತ್ತದೆ ಹೋದವರ ಲೆಕ್ಕ

ಈ ಕಥೆಯಲ್ಲಿ ಒಂದಿಡೀ ಬೀದಿ ಸುಳ್ಳು ಹೇಳುತ್ತದೆ. ಕಥೆ ಮಾತ್ರ ಅಪ್ಪಟ ನಿಜ, ನಂಬಿಬಿಡಿ! ನಂಬದಿದ್ದರೂ ಚಿಂತೆಯಿಲ್ಲ, ಪ್ರೀತಿಯೇನೂ ನಮ್ಮನ್ನು ಕೇಳಿಕೊಂಡು ಹುಟ್ಟುವುದಿಲ್ಲ.

ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ಬಸ್ಸು ಬಂದು ನಿಂತಿತು. ಬೂದು ಶಾಲು ಹೊದ್ದು, ಬೆನ್ನು ಬಾಗಿಸಿಕೊಂಡಿದ್ದ ಅಜ್ಜಿಯೊಬ್ಬಳು ಬಾಗಿಲ ಮುಂದೆ ಏದುಸಿರು ಬಿಟ್ಟಳು.

"ಅಯ್ಯಯ್ಯೋ... ಈ ಮೆಟ್ಟಿಲು ಯಾಕಪ್ಪಾ ವರ್ಷ ವರ್ಷ ಎತ್ತರ ಆಗ್ತಾ ಹೋಗುತ್ತೆ!"

ನಿಲ್ದಾಣದ ಕಂಬದ ಪಕ್ಕ ನಿಂತಿದ್ದ ಯುವಕ ಮುಂದೆ ಬಂದು ಕೈ ಚಾಚಿದ. ಅವನ ಇನ್ನೊಂದು ಕೈಯಲ್ಲಿ, ಒತ್ತಿದರೆ ಒಂದು ಅಂಕಿ ಹೆಚ್ಚಿಸುವ ಪುಟ್ಟ ಎಣಿಕೆ ಯಂತ್ರವಿತ್ತು.

"ಹಿಡ್ಕೊಳ್ಳಿ ಅಜ್ಜಿ. ನಿಧಾನ... ನಿಧಾನ."

ಅಜ್ಜಿ ಆ ಕೈ ಹಿಡಿದಳು. ಎಂಬತ್ತು ವರ್ಷದ ಎದೆಗೆ ಶೋಭಿಸದ ವೇಗದಲ್ಲಿ ಅವಳ ಎದೆ ಹೊಡೆದುಕೊಂಡಿತು. ಯಾಕೆಂದರೆ ಅವಳಿಗೆ ಇಪ್ಪತ್ತೆಂಟೇ ವರ್ಷ!

ಟಿಕ್.

ಬಸ್ಸು ಹೊರಟ ಮೇಲೆ ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡಳು. ಪುಡಿ ಬಳಿದ ಕೂದಲು ಸರಿ. ಕನ್ನಡಕ ಸರಿ. ಕುತ್ತಿಗೆಯಲ್ಲಿ ಮಾತ್ರ ಹಳದಿ ಬಣ್ಣದ ಅಳತೆ ಟೇಪು ನೇತಾಡುತ್ತಿತ್ತು!

'ಸತ್ತೆ! ನೋಡಿಬಿಟ್ಟನಾ? ಛೆ, ಇಲ್ಲ. ನೋಡಿದ್ದರೆ ಎಣಿಸುತ್ತಿದ್ದನಾ? ಪಾಪದವನು.'

ಅವಳದು ಬಸ್ ನಿಲ್ದಾಣದ ಎದುರಿನ ಹೊಲಿಗೆ ಅಂಗಡಿ. ಅವಳಿಗಿಂತ ದುಪ್ಪಟ್ಟು ವಯಸ್ಸಾದವರೂ ಅವಳನ್ನು ಕರೆಯುವುದು 'ಟೈಲರಮ್ಮ' ಎಂದೇ. ಗಿರಾಕಿಗಳ ಅಳತೆಯ ಜೊತೆ ಅವರ ಧ್ವನಿಯನ್ನೂ ತೆಗೆದುಕೊಂಡುಬಿಡುವ ಹುಡುಗಿ. ಒಮ್ಮೆ ಕೇಳಿದರೆ ಸಾಕು, ಕೆಮ್ಮಿನ ಸಮೇತ ಒಪ್ಪಿಸುತ್ತಿದ್ದಳು.

ಆದರೆ ಈ ವೇಷ ತಮಾಷೆಗಲ್ಲ.

ಸಾರಿಗೆ ಕಚೇರಿಯಿಂದ ಪತ್ರ ಬಂದಿತ್ತು. ಈ ನಿಲ್ದಾಣದಲ್ಲಿ ಹತ್ತುವವರು ತೀರಾ ಕಡಿಮೆ. ಐದು ದಿನ, ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಎಣಿಕೆ. ದಿನಕ್ಕೆ ಸರಾಸರಿ ಅರವತ್ತು ಜನ ಹತ್ತದಿದ್ದರೆ ನಿಲ್ದಾಣ ರದ್ದು. ಮುಂದಿನ ನಿಲ್ದಾಣ ಇರುವುದು ದಿಬ್ಬದ ಮೇಲೆ, ತೊಂಬತ್ತೆರಡು ಮೆಟ್ಟಿಲು ಹತ್ತಿದರೆ.

ಟೈಲರಮ್ಮನ ಅಮ್ಮನಿಗೆ ಲಕ್ವ ಹೊಡೆದು ಬಲಗಾಲು ಎಳೆಯುತ್ತಿತ್ತು. ವಾರಕ್ಕೆ ಮೂರು ದಿನ ಇದೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ವ್ಯಾಯಾಮ ಮಾಡಿ, ಮೂರೇ ತಿಂಗಳಲ್ಲಿ ಹಾಸಿಗೆ ಬಿಟ್ಟು ಊರುಗೋಲು ಹಿಡಿದಿದ್ದಳು. ತೊಂಬತ್ತೆರಡು ಮೆಟ್ಟಿಲು ಎಂದರೆ ಅಮ್ಮನಿಗೆ ಮತ್ತೆ ಅದೇ ಹಾಸಿಗೆ!

ಹಾಗಾಗಿ ಬೀದಿ ಸಮಿತಿಯ ತುರ್ತು ಸಭೆ ಹೊಲಿಗೆ ಯಂತ್ರಗಳ ನಡುವೆಯೇ ಸೇರಿತ್ತು.

"ಒಬ್ಬೊಬ್ರು ಮೂರು ಮೂರು ಸಲ ಹತ್ತೋಣ," ಎಂದ ಬೇಕರಿ ಮಾವ. "ದಿಬ್ಬದ ಮೇಲೆ ಇಳಿಯೋದು, ಮೆಟ್ಟಿಲಿಳಿದು ವಾಪಸ್ ಬರೋದು, ಇಲ್ಲಿ ಬಟ್ಟೆ ಬದಲಾಯಿಸಿ ಮತ್ತೆ ಹತ್ತೋದು!"

ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಇದು ಮೋಸ ಅಲ್ವೇನಯ್ಯಾ?"

"ಮೋಸ ಅಲ್ಲ ಮೇಷ್ಟ್ರೇ, ವ್ಯಾಯಾಮ! ನಿಮ್ಮ ಹೊಟ್ಟೆಗೂ ಒಳ್ಳೇದು."

ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ವೇಷಕ್ಕೆ ಗಿರಾಕಿಗಳಿಗಾಗಿ ಹೊಲಿದಿಟ್ಟ ಕೋಟುಗಳು, ಧ್ವನಿಗೆ ಟೈಲರಮ್ಮನ ತರಬೇತಿ.

ಮಂಗಳವಾರ ಅವಳು ಸ್ವಂತ ಮುಖದಲ್ಲೇ ಹೋಗಿ ಅವನ ಮುಂದೆ ಒಂದು ಸ್ಟೂಲು ಇಟ್ಟಳು.

"ಬೆಳಿಗ್ಗೆಯಿಂದ ನಿಂತೇ ಇದೀರಿ. ಕೂತು ಎಣಿಸಿದ್ರೆ ಲೆಕ್ಕ ತಪ್ಪುತ್ತಾ?"

"ಥ್ಯಾಂಕ್ಸ್. ನಿಮ್ಮ ಅಜ್ಜಿ ಹೇಗಿದ್ದಾರೆ?"

"ನಮ್ಮ... ಅಜ್ಜಿ?"

"ನಿನ್ನೆ ಹತ್ತಿದ್ರಲ್ಲ, ಬೂದು ಶಾಲು. ಮೂಗು ಥೇಟ್ ನಿಮ್ಮದೇ."

"ಓ, ಅವರಾ! ಅವರು... ದೂರದ ಸಂಬಂಧ."

"ಹೌದಾ? ಹತ್ತಿರದಿಂದ ನೋಡಿದ್ರೆ ತುಂಬಾ ಚೆನ್ನಾಗಿದ್ರು."

ಟೈಲರಮ್ಮನ ಕೆನ್ನೆ ಕೆಂಪಾಯಿತು. 'ಅಯ್ಯೋ, ಇವನು ಅಜ್ಜಿಯನ್ನು ಹೊಗಳಿದರೆ ನನಗ್ಯಾಕೆ ನಾಚಿಕೆ!'

ಬುಧವಾರ ಅವಳು ಬಿರುಸು ನಡೆಯ ನರ್ಸ್ ಆದಳು. ಗುರುವಾರ ಮೂಗಿನಲ್ಲಿ ಮಾತಾಡುವ ಸಂಗೀತದ ಟೀಚರ್. ಮೇಷ್ಟ್ರು ಹಾಕಿಕೊಂಡು ಹೋದ ಕಂದು ಕೋಟನ್ನೇ ಮುಂದಿನ ಬಸ್ಸಿಗೆ ಬೇಕರಿ ಮಾವ ಹಾಕಿಕೊಂಡ. ಎರಡೂ ಸಲ ಕಾಲರಿನಲ್ಲಿ ಗಿರಾಕಿಯ ಚೀಟಿ, ಇಪ್ಪತ್ತೇಳನೇ ನಂಬರು, ಹಾಗೇ ಇತ್ತು!

ಎಣಿಕೆಯವನು ಮುಗುಳ್ನಕ್ಕ. ಟಿಕ್. ಆಮೇಲೆ ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ಏನೋ ಬರೆದ. ಬಸ್ಸು ಹತ್ತದೆ ನಡೆದು ಹೋಗುತ್ತಿದ್ದವರನ್ನೂ ತಡೆದು ಮಾತಾಡಿಸುತ್ತಿದ್ದ.

'ಬಾಯಿಬಡುಕ,' ಎಂದುಕೊಂಡಳು ಅವಳು. ಆದರೂ ಸೂಜಿಗೆ ದಾರ ಪೋಣಿಸುವಾಗ ಕಣ್ಣು ಕಿಟಕಿಯಾಚೆಗೇ ಓಡುತ್ತಿತ್ತು. ಅಷ್ಟು ಒಳ್ಳೆಯವನಿಗೆ ಹೀಗೆ ಟೋಪಿ ಹಾಕುತ್ತಿದ್ದೇವಲ್ಲ ಎಂದು ಒಳಗೊಳಗೇ ಚುಚ್ಚುತ್ತಿತ್ತು.

ಶುಕ್ರವಾರ ಅವನು ಸ್ಟೂಲು ವಾಪಸ್ ತಂದಿಟ್ಟ. "ಇವತ್ತಿಗೆ ಎಣಿಕೆ ಮುಗೀತು."

"ನಾಳೆಯಿಂದ ಬರಲ್ವಾ?"

"ಬರೋಕೆ ಕಾರಣ ಬೇಕಲ್ಲ..."

ಕಾರಣ ಅವಳ ತುದಿನಾಲಿಗೆಯಲ್ಲೇ ಇತ್ತು. ಅವಳು ಸ್ಟೂಲು ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ಮಂಗಳವಾರ ವರದಿ ಬಂತು. ಅಂಗಡಿಯಲ್ಲಿ ಎಲ್ಲರೂ ಸುತ್ತುವರಿದು ನಿಂತರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಮೊದಲ ಪುಟ ಓದಿದರು: "ಒಂದೇ ವ್ಯಕ್ತಿ ಮತ್ತೆ ಮತ್ತೆ ಹತ್ತಿದ್ದನ್ನು ಕೈಬಿಟ್ಟು... ದಿನದ ಸರಾಸರಿ ಮೂವತ್ತನಾಲ್ಕು. ವಿಚಾರಣೆ ಮುಂದಿನ ಬುಧವಾರ."

ಬೇಕರಿ ಮಾವ ಕೂತಲ್ಲೇ ಕುಸಿದ. ಟೈಲರಮ್ಮ ಕತ್ತರಿ ಎಸೆದು ಸೀದಾ ಸಾರಿಗೆ ಕಚೇರಿಗೆ ನಡೆದಳು.

ಕಡತಗಳ ರಾಶಿಯ ಹಿಂದೆ ಅವನು ಕೂತಿದ್ದ.

"ನಿಮಗೆ ಗೊತ್ತಿತ್ತು!"

ಅವನು ಎದ್ದು ನಿಂತ. "ಗೊತ್ತಿತ್ತು."

"ಯಾವಾಗಿಂದ?"

"ನೀವು ಮೊದಲನೇ ಸಲ ಅಜ್ಜಿ ಆದಾಗಿಂದ."

"ಅಂದ್ರೆ ಕೈ ಹಿಡಿದಿದ್ದು, ಮೂಗು ಅಂದಿದ್ದು, ಚೆನ್ನಾಗಿದ್ರು ಅಂದಿದ್ದು... ಎಲ್ಲ ತಮಾಷೆ! ನಾಲ್ಕು ದಿನ ನನ್ನನ್ನ ಕೋತಿ ಥರ ಕುಣಿಸಿ ಮಜಾ ತಗೊಂಡ್ರಿ!"

"ಒಂದು ನಿಮಿಷ ಕೇಳಿ. ಎರಡನೇ ಪುಟ ಓದಿದ್ರಾ?"

"ಮೊದಲನೇದೇ ಹೊಟ್ಟೆ ತುಂಬಿಸ್ತು!"

ಬಾಗಿಲು ದಢಾರ್ ಎಂದಿತು. ಅವಳು ಬೀದಿಗೆ ಬರುವವರೆಗೂ ಕಣ್ಣೀರು ಕಾಯಲಿಲ್ಲ.

ಮನೆಯಲ್ಲಿ ಅಮ್ಮ, ಮೇಷ್ಟ್ರು ಕೊಟ್ಟುಹೋದ ವರದಿಯನ್ನು ಮಡಿಲಲ್ಲಿ ಹರಡಿಕೊಂಡು, ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದಳು. ಕಾಯಿಲೆಯಾದ ಮೇಲೆ ಅವಳ ಓದು ಹಾಗೆ, ಒಂದಕ್ಷರವನ್ನೂ ಬಿಡುವುದಿಲ್ಲ.

"ಬಾರೇ ಇಲ್ಲಿ. ನಿನ್ನ ಸಿಟ್ಟು ಯಾವಾಗ್ಲೂ ಒಂದೇ ಪುಟ ಓದುತ್ತೆ."

"ಇನ್ನೇನಿದೆ ಅಮ್ಮಾ ಅದ್ರಲ್ಲಿ..."

"ಓದು."

ಎರಡನೇ ಪುಟದಲ್ಲಿ ಅವನದೇ ಕೈಬರಹ.

'ಹತ್ತುವವರನ್ನು ಎಣಿಸುವುದು ನನಗೆ ಕೊಟ್ಟ ಕೆಲಸ. ಹತ್ತದೆ ನಡೆದು ಹೋದವರನ್ನೂ ಎಣಿಸಿದೆ. ದಿನಕ್ಕೆ ನೂರ ಹದಿನೆಂಟು ಜನ. ಕಾರ್ಖಾನೆಯ ಗಂಟೆ ಎಂಟಕ್ಕೆ, ಬಸ್ಸು ಅಲ್ಲಿಗೆ ತಲುಪುವುದು ಎಂಟು ಐದಕ್ಕೆ. ಶಾಲೆಯ ಗಂಟೆ ಒಂಬತ್ತಕ್ಕೆ, ಬಸ್ಸು ತಲುಪುವುದು ಒಂಬತ್ತು ಹತ್ತಕ್ಕೆ. ಜನರಿಗೆ ಬಸ್ಸು ಬೇಡವಾಗಿಲ್ಲ, ಬಸ್ಸು ತಡವಾಗಿದೆ. ಹದಿನೈದು ನಿಮಿಷ ಮುಂಚೆ ಓಡಿಸಿ ನೋಡಬೇಕೆಂದು ಶಿಫಾರಸು.'

ಕೊನೆಯಲ್ಲಿ ಇನ್ನೊಂದು ಸಾಲು: 'ಈ ನಿಲ್ದಾಣಕ್ಕಾಗಿ ಇಲ್ಲಿಯವರು ದಿನಕ್ಕೆ ಮೂರು ಸಲ ಮೆಟ್ಟಿಲಿಳಿದು ಬಂದರು. ಅದನ್ನೂ ಗಮನಿಸಬೇಕು.'

ಅಕ್ಷರಗಳು ಮಸುಕಾದವು. 'ದೇವರೇ... ನಾವು ಅವನಿಗೆ ಸುಳ್ಳು ತೋರಿಸುತ್ತಿದ್ದಾಗ ಅವನು ನಮಗೇ ಗೊತ್ತಿಲ್ಲದ ನಿಜ ಹುಡುಕುತ್ತಿದ್ದನಾ?'

"ಸುಳ್ಳು ಸಂಖ್ಯೆ ಹೋಗಿದ್ರೆ ಮುಂದಿನ ತಿಂಗಳು ಯಾರಾದ್ರೂ ಬಂದು ನೋಡ್ತಿದ್ರು," ಎಂದಳು ಅಮ್ಮ. "ಆಗ ಕೇಳೋಕೂ ಬಾಯಿ ಇರ್ತಿರ್ಲಿಲ್ಲ. ಆ ಹುಡುಗ ನಿಲ್ದಾಣ ಉಳಿಸೋಕೆ ನೋಡಿದಾನೆ ಕಣೇ."

ಮರುದಿನದಿಂದ ಸಮಿತಿಗೆ ನಿಜವಾದ ಕೆಲಸ. ಕೋಟುಗಳು ಹ್ಯಾಂಗರಿಗೆ ವಾಪಸಾದವು. ಮೇಷ್ಟ್ರು ಹಾಳೆಗೆ ಗೆರೆ ಎಳೆದರು: ಹೆಸರು, ಎಲ್ಲಿಗೆ, ಎಷ್ಟು ಹೊತ್ತಿಗೆ, ಸಹಿ. ಬೇಕರಿ ಮಾವ ಬ್ರೆಡ್ಡಿನ ಜೊತೆ ಮನೆಮನೆಗೂ ಹಾಳೆ ಹಂಚಿದ. ನೂರ ಮೂರು ಸಹಿ ಬಂದವು, ಒಂದೂ ವೇಷ ಹಾಕಿದ್ದಲ್ಲ!

ವಿಚಾರಣೆಯ ಕೋಣೆ. ಉದ್ದನೆಯ ಮೇಜಿನ ತುದಿಯಲ್ಲಿ ಮುಖ್ಯ ಅಧಿಕಾರಿಣಿ. ಮರಳು ಕಾಗದ ಉಜ್ಜಿದಂಥ ಧ್ವನಿ.

"ಸಮಿತಿ ಪರವಾಗಿ ಯಾರ್ರೀ ಮಾತಾಡೋರು?"

ಟೈಲರಮ್ಮ ಎದ್ದಳು. ಮೇಷ್ಟ್ರ ಗಾಂಭೀರ್ಯ, ನರ್ಸಿನ ಬಿರುಸು... ಯಾರ ಧ್ವನಿ ಹಾಕಿಕೊಳ್ಳಲಿ? ಬೇಡ. ಯಾರದೂ ಬೇಡ.

"ಮೇಡಂ, ಮೊದಲು ತಪ್ಪೊಪ್ಪಿಗೆ. ಅಜ್ಜಿ ನಾನೇ. ನರ್ಸೂ ನಾನೇ, ಸಂಗೀತದ ಟೀಚರೂ ನಾನೇ. ಹೆದರಿಕೆಯಿಂದ ಹಾಗೆ ಮಾಡಿದ್ವಿ, ಕ್ಷಮಿಸಿ. ನಮ್ಮಮ್ಮ ಮೂರು ತಿಂಗಳಲ್ಲಿ ಹಾಸಿಗೆಯಿಂದ ಬಾಗಿಲಿಗೆ, ಬಾಗಿಲಿಂದ ಬಸ್ಸಿಗೆ ಬಂದಿದ್ದಾರೆ. ಅವರು ಮತ್ತೆ ಹಾಸಿಗೆಗೆ ಹೋಗೋದನ್ನ ನೋಡೋಕೆ ನನ್ನಿಂದ ಆಗಲ್ಲ. ಈ ಹಾಳೆಗಳಲ್ಲಿ ನೂರ ಮೂರು ಜನ ಇದ್ದಾರೆ. ಐದು ದಿನ ಬಸ್ಸನ್ನ ಮುಂಚೆ ಕಳಿಸಿ ನೋಡಿ. ಅರವತ್ತು ಆಗದಿದ್ರೆ ಕಂಬನ ನಾವೇ ಕಿತ್ತು ತಂದುಕೊಡ್ತೀವಿ."

ಅಧಿಕಾರಿಣಿ ಕನ್ನಡಕದ ಮೇಲಿಂದ ನೋಡಿದರು. "ಐದು ದಿನ. ಅರವತ್ತಕ್ಕೆ ಒಂದು ಕಡಿಮೆಯಾದ್ರೂ ಕಂಬ ತನ್ನಿ."

ಸೋಮವಾರ ಬೆಳಿಗ್ಗೆ ಏಳು ಗಂಟೆಗೇ ಸಾಲು ಬೇಕರಿಯನ್ನು ದಾಟಿತ್ತು! ಕಾರ್ಖಾನೆಯವರು, ಶಾಲೆಯವರು, ಇಷ್ಟು ವರ್ಷ ಬಸ್ಸಿನ ಹಿಂಭಾಗವನ್ನಷ್ಟೇ ನೋಡಿದ್ದವರು. ಎಣಿಕೆಯವನ ಹೆಬ್ಬೆರಳಿಗೆ ಬಿಡುವೇ ಇಲ್ಲ. ಟಿಕ್, ಟಿಕ್, ಟಿಕ್...

ಟೈಲರಮ್ಮ ಅವನ ಪಕ್ಕ ಬಂದು ನಿಂತಳು. "ಎರಡನೇ ಪುಟ ಓದಿದೆ. ನಾನು... ಸಾರಿ."

ಅವನು ಬಸ್ಸಿನ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. "ಎಣಿಕೆ ಮುಗಿಯೋವರೆಗೂ ನಿಮ್ಮ ಜೊತೆ ಮಾತಾಡಬಾರದು. ಪಕ್ಷಪಾತ ಆಗುತ್ತೆ."

"ಸಿಟ್ಟಾ?"

"ಮಾತಾಡಬಾರದು ಅಂದ್ನಲ್ಲ."

'ಸಿಟ್ಟೇ! ಇನ್ನೂ ಸಿಟ್ಟೇ ಇದೆ!' ಐದು ದಿನ ಅವಳು ಗುಂಡಿಗಳನ್ನು ತಪ್ಪು ಕಾಜಾಗಳಿಗೇ ಹಾಕಿದಳು.

ಮತ್ತೆ ಸೋಮವಾರ. ಆದೇಶ ಹೊರಬೀಳುವ ದಿನ. ಅಮ್ಮನೂ ಸೇರಿ ಇಡೀ ಸಮಿತಿ ಅಂಗಡಿಯಲ್ಲಿ ಉಸಿರು ಬಿಗಿಹಿಡಿದು ಕೂತಿತ್ತು. ಹನ್ನೆರಡಾಯಿತು. ಒಂದಾಯಿತು. ಸುದ್ದಿಯೇ ಇಲ್ಲ.

"ಇನ್ನು ನನ್ ಕೈಲಾಗಲ್ಲ," ಎಂದ ಬೇಕರಿ ಮಾವ. "ಟೈಲರಮ್ಮಾ, ಆ ಮೇಡಂ ಧ್ವನಿ ಬರುತ್ತೇನೇ ನಿಂಗೆ?"

ಬರುತ್ತದೆಯೇ ಎಂದು ಕೇಳುವುದೇ? ಅವಳ ಕಣ್ಣಿನಲ್ಲಿ ಹಳೆಯ ತುಂಟತನ ಮಿಂಚಿತು. ಮೇಷ್ಟ್ರ ಫೋನು ಕಸಿದು ಎಣಿಕೆಯವನಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ಹಲೋ! ಏನ್ರೀ, ಆ ನಿಲ್ದಾಣದ ಕಡತ ಎಲ್ಲಿಗೆ ಬಂತ್ರೀ?"

"ಮೇಡಂ... ತಮ್ಮ ಮೇಜಿನ ಮೇಲೇ ಇದೆ ಮೇಡಂ."

"ಗೊತ್ತು ಗೊತ್ತು! ಆ ಟೈಲರ್ ಹುಡುಗಿ ಬಗ್ಗೆ ವರದಿಯಲ್ಲಿ ಏನೂ ಬರೆದಿಲ್ಲವಲ್ಲ? ಏನ್ರೀ ನಿಮ್ಮ ಅಭಿಪ್ರಾಯ?"

ಬೇಕರಿ ಮಾವ ಟವೆಲ್ಲನ್ನು ಬಾಯಿಗೆ ತುರುಕಿಕೊಂಡ.

"ಬರೆದಿದ್ರೆ ಪಕ್ಷಪಾತ ಅಂತ ತಾವೇ ಹರಿದು ಹಾಕ್ತಿದ್ರಿ ಮೇಡಂ." ಅವನ ಧ್ವನಿ ಮೆತ್ತಗಾಯಿತು. "ಅವರು ಬೇರೆ ಬೇರೆ ವೇಷದಲ್ಲಿ ಬಂದ್ರು. ಪ್ರತಿ ವೇಷದಲ್ಲೂ ಹೊಸದಾಗಿ ಇಷ್ಟ ಆದ್ರು. ಎಲ್ಲಕ್ಕಿಂತ ಜಾಸ್ತಿ ಇಷ್ಟ ಆಗಿದ್ದು ವಿಚಾರಣೆ ದಿನ, ಅವರು ಅವರೇ ಆಗಿ ನಿಂತಾಗ. ಒಪ್ಪಿದ್ರೆ ಮದುವೆ ಆಗ್ಬೇಕು ಅಂತಿದೀನಿ ಮೇಡಂ."

ಟೈಲರಮ್ಮನ ಬಾಯಿ ತೆರೆದೇ ಇತ್ತು, ಧ್ವನಿ ಮಾತ್ರ ಯಾರದೂ ಬರಲಿಲ್ಲ!

ಆಗ ಫೋನಿನೊಳಗಿಂದ ಮರಳು ಕಾಗದ ಉಜ್ಜಿದಂತೆ ಕೇಳಿಸಿತು:

"ನನ್ನ ಅಭ್ಯಂತರ ಏನಿಲ್ಲ. ಆದ್ರೆ ಅಮ್ಮಾ ತಾಯಿ, ನನ್ನ ಧ್ವನಿ ನಿಜವಾಗ್ಲೂ ಇಷ್ಟು ಗೊರಗೊರ ಅನ್ನುತ್ತೇನಮ್ಮಾ?"

"ಮೇ... ಮೇಡಂ?"

"ಹೂಂ, ಅಸಲಿ ಮೇಡಂ. ಇವರ ಎದುರಿಗೇ ಕೂತಿದೀನಿ, ಇಲ್ಲೂ ಸ್ಪೀಕರ್ ಹಾಕಿದೆ. ಸರಾಸರಿ ತೊಂಬತ್ತಾರು ಬಂದಿದೆ. ಈಗಷ್ಟೇ ಸಹಿ ಹಾಕಿದೆ. ನಿಲ್ದಾಣ ಖಾಯಂ, ಹೊಸ ಸಮಯಾನೂ ಖಾಯಂ. ನಿಮ್ಮಮ್ಮನಿಗೆ ಹೇಳಿ."

ಅಂಗಡಿಯ ಸೂರು ಹಾರಿಹೋಗುವಂತೆ ಕೇಕೆ ಎದ್ದಿತು! ಮೇಷ್ಟ್ರು ಬೇಕರಿ ಮಾವನನ್ನು ತಬ್ಬಿಕೊಂಡರು. ಅಮ್ಮ ಊರುಗೋಲನ್ನು ಗಾಳಿಯಲ್ಲಿ ಎತ್ತಿ, ಎರಡೂ ಕಾಲ ಮೇಲೆ ನೆಟ್ಟಗೆ ನಿಂತು, "ಇಂಗು ತಿಂದ ಮಂಗನ ಹಾಗೆ ಆಗಿದಾಳೆ ನೋಡ್ರೋ ನನ್ ಮಗಳು!" ಎಂದು ಕೂಗಿದಳು.

ಗದ್ದಲದ ನಡುವೆ ಫೋನಿನಲ್ಲಿ ಅವನ ಧ್ವನಿ. "ಈಗ ಮಾತಾಡಬಹುದು. ಎಣಿಕೆ ಮುಗೀತು. ಕೇಳಿಸ್ತಿದೆಯಾ?"

"ಕೇಳಿಸ್ತಿದೆ..."

"ಉತ್ತರ ಯಾರ ಧ್ವನಿಯಲ್ಲಿ ಬರುತ್ತೆ?"

"ನಂದೇ."

"ಏನಂತೆ?"

"ಹೂಂ ಅಂತೆ."

ಅಷ್ಟು ಹೇಳಿದ್ದೇ ತಡ, ಅವಳಿಗೆ ನಗು ಉಕ್ಕಿತು. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಕತ್ತರಿಸಿಟ್ಟ ಬಟ್ಟೆಗಳ ಮೇಲೆ ಕುಸಿದು ನಕ್ಕಳು. ಇಡೀ ಬೀದಿ ನಗುತ್ತಿತ್ತು, ಅತ್ತ ಕಚೇರಿಯಲ್ಲಿ ಅಸಲಿ ಮೇಡಮ್ಮೂ ನಗುತ್ತಿದ್ದರು. ಆದರೆ ಎಲ್ಲರಿಗಿಂತ ಜೋರಾಗಿ ಕೇಳಿಸುತ್ತಿದ್ದದ್ದು ಅವಳದೇ ನಗು.