ಡಬ್ಬಿ ಮುಚ್ಚೋವರೆಗೂ ಬೆಲ್ ಇಲ್ಲ

"ತಾತ, ದಯವಿಟ್ಟು ಕೂತ್ಕೊಳ್ಳಿ. ನೀವು ಕೂತ್ರೇನೇ ಬಸ್ಸು ಹೊರಡೋದು!"

ಕಂಡಕ್ಟರ್ ಮಾಮ ಕೈಮುಗಿದು ಕೇಳುತ್ತಿದ್ದ. ತಾತನಿಗೆ ಕೂರಲು ಮನಸ್ಸೇ ಇರಲಿಲ್ಲ.

"ಮುಂದಿನ ಸ್ಟಾಪಲ್ಲಿ ಇಳಿಯೋನು ನಾನು. ಕೂತು ಏಳೋಷ್ಟರಲ್ಲಿ ಸ್ಟಾಪೇ ಬಂದಿರುತ್ತೆ. ನಿಂತಿರ್ತೀನಿ ಬಿಡಪ್ಪಾ."

"ಆಗಲ್ಲ ತಾತ. ವಯಸ್ಸಾದೋರು ಕೂತ ಮೇಲೇ ಹೊರಡಬೇಕು. ರೂಲ್ಸ್!"

"ಮೊನ್ನೆವರೆಗೂ ನಿನ್ನ ರೂಲ್ಸ್ ಎಲ್ಲಿ ಮಲಗಿತ್ತೋ?"

ಬಸ್ಸಿನಲ್ಲಿದ್ದ ಸ್ಕೂಲ್ ಮಕ್ಕಳೆಲ್ಲ ಹೋ ಎಂದು ನಕ್ಕರು. ಒಬ್ಬಳು ಮಾತ್ರ ನಗಲಿಲ್ಲ. ಅವಳು ಡ್ರೈವರ್ ಹಿಂದಿನ ಸೀಟಿನಲ್ಲಿ, ಬ್ಯಾಗಿನೊಳಗೆ ಮುಖ ಹುದುಗಿಸಿಕೊಂಡು ಕೂತಿದ್ದಳು. ಯಾಕೆಂದರೆ ಆ ಬಸ್ಸಿನ ಡ್ರೈವರ್ ಅವಳ ಅಮ್ಮ.

ಅವಳನ್ನು ಎಲ್ಲರೂ ಕಪ್ಪೆ ಅಂತಲೇ ಕರೆಯುತ್ತಿದ್ದರು. ಈಜುಕೊಳದಲ್ಲಿ ಅವಳು ಕಾಲು ಬಡಿಯುವುದನ್ನು ನೋಡಿ ಈಜು ಮೇಡಂ ಇಟ್ಟ ಹೆಸರು. ಅವಳಿಗೇನೂ ಬೇಜಾರಿರಲಿಲ್ಲ. ಎಮ್ಮೆ ಅಂತ ಇಟ್ಟಿದ್ದರೆ ಏನು ಮಾಡಬೇಕಿತ್ತು?

ತಾತ ಗೊಣಗುತ್ತಾ ಕೂತರು. ಕಂಡಕ್ಟರ್ ಮಾಮ ಮೇಲಿದ್ದ ಹಗ್ಗವನ್ನು ಎರಡು ಸಲ ಎಳೆದ. ಟಿಂಗ್ ಟಿಂಗ್! ಬಸ್ಸು ಹೊರಟಿತು.

ಒಂದು ಬೆಲ್ ಅಂದರೆ ನಿಲ್ಲಿಸು, ಎರಡು ಬೆಲ್ ಅಂದರೆ ಹೊರಡು. ಬೆಲ್ ಹೊಡೆಯುವುದು ಕಂಡಕ್ಟರ್ ಕೆಲಸ. ಆದರೆ ಟಿಕೆಟ್ ಕೊಡುವ ಗಡಿಬಿಡಿಯಲ್ಲಿ ಮಾಮ ಒಮ್ಮೊಮ್ಮೆ, "ಹೊಡಿಯೇ ಕಪ್ಪೆ!" ಎನ್ನುತ್ತಿದ್ದ. ಇಡೀ ಬಸ್ಸಿನಲ್ಲಿ ಆ ಅದೃಷ್ಟ ಅವಳೊಬ್ಬಳಿಗೇ. ಎಲ್ಲರಿಗೂ ಹೊಟ್ಟೆಕಿಚ್ಚು.

ಈಗ ಯಾರಿಗೂ ಹೊಟ್ಟೆಕಿಚ್ಚಿಲ್ಲ. ಈಗ ಎಲ್ಲರಿಗೂ ಬರೀ ಸಿಟ್ಟು.

ಆಗಿದ್ದಿಷ್ಟು. ಸಂಬಳ ಜಾಸ್ತಿ ಮಾಡಿ ಅಂತ ಬಸ್ಸಿನವರ ಯೂನಿಯನ್ ನಗರಸಭೆಯನ್ನು ಕೇಳಿತ್ತು. ನಗರಸಭೆ ಆಗಲ್ಲ ಅಂದಿತ್ತು. ಯೂನಿಯನ್‌ನವರು ಬಸ್ಸು ನಿಲ್ಲಿಸಲಿಲ್ಲ. ಬೇರೆಯೇ ಉಪಾಯ ಹೂಡಿದರು. ರೂಲ್ಸ್ ಪುಸ್ತಕದಲ್ಲಿ ಏನೇನಿದೆಯೋ ಅಷ್ಟನ್ನೂ ಚಾಚೂ ತಪ್ಪದೆ ಮಾಡುವುದು! ಹೊರಡುವ ಮುಂಚೆ ಪ್ರತಿ ಟೈರನ್ನೂ ತಟ್ಟಿ ನೋಡುವುದು. ಕನ್ನಡಿ ಒರೆಸುವುದು. ತಾತಂದಿರನ್ನು ಕೂರಿಸುವುದು. ಬಸ್ಸು ಆಮೆಯಾಗಿಬಿಟ್ಟಿತು.

ಎಲ್ಲದಕ್ಕಿಂತ ಕಷ್ಟ ಅಂದರೆ ನೀರಿನ ಟ್ಯಾಂಕ್ ಸ್ಟಾಪು. ಸ್ಕೂಲಿಗೆ ಇನ್ನೆರಡೇ ಸ್ಟಾಪ್ ಇರುವಾಗ ಬಸ್ಸು ಅಲ್ಲಿ ಒಂದು ಸುತ್ತು ತಿರುಗಬೇಕು. ಅಲ್ಲಿ ಡ್ರೈವರ್ ಹತ್ತು ನಿಮಿಷ ಸುಧಾರಿಸಿಕೊಳ್ಳಬೇಕು ಅಂತ ರೂಲ್ಸು. ಮುಂಚೆಲ್ಲ ಅಮ್ಮ ಸರ್ರನೆ ತಿರುಗಿಸಿ ಹೊರಟುಬಿಡುತ್ತಿದ್ದಳು. ಈಗ ಎಂಜಿನ್ ಆಫ್ ಮಾಡಿ, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು, ನಿಧಾನಕ್ಕೆ ತಿಂಡಿ ತಿನ್ನುತ್ತಾಳೆ.

"ಆಂಟಿ, ಉಪ್ಪು ಸರಿಯಾಗಿದ್ಯಾ?" ಹಿಂದಿನಿಂದ ಯಾರೋ ಕೂಗಿದರು. ಯಾರೋ ಸೀಟಿ ಹೊಡೆದರು.

"ಅಮ್ಮಾ, ಎಲ್ರೂ ನೋಡ್ತಿದಾರೆ," ಎಂದಳು ಕಪ್ಪೆ, ಹಲ್ಲು ಕಚ್ಚಿಕೊಂಡು.

"ನೋಡ್ಲಿ ಬಿಡೇ. ನಾನೇನು ಕದ್ದು ತಿಂತಿದೀನಾ?"

ಬಸ್ಸು ತಲುಪುವಷ್ಟರಲ್ಲಿ ಸ್ಕೂಲಿನ ಗೇಟ್ ಹಾಕಿಬಿಟ್ಟಿದ್ದರು. ಬಸ್ಸಿನ ಮಕ್ಕಳೆಲ್ಲ ಆಫೀಸ್ ರೂಮಿನ ಮುಂದೆ ಸಾಲಾಗಿ ನಿಲ್ಲಬೇಕಾಯಿತು. ಸಾಲಿನ ಉದ್ದಕ್ಕೂ ಒಂದೇ ಪಿಸುಮಾತು. "ಎಲ್ಲಾ ಇವಳ ಅಮ್ಮನಿಂದ."

* * *

ಸಂಜೆ ಈಜುಕೊಳದಲ್ಲಿ ಇನ್ನೊಂದು ಸುದ್ದಿ ಕಾದಿತ್ತು.

"ಮಕ್ಕಳೇ, ಇಲ್ಲಿ ಕೇಳಿ," ಎಂದರು ಈಜು ಮೇಡಂ. ಅವರ ಸೀಟಿ ಕೊರಳಲ್ಲಿ ಸುಮ್ಮನೆ ತೂಗುತ್ತಿತ್ತು. "ಮುಂದಿನ ತಿಂಗಳಿಂದ ಕೊಳ ಮುಚ್ಚಬಹುದು. ಬಸ್ಸಿನೋರಿಗೆ ಸಂಬಳ ಜಾಸ್ತಿ ಮಾಡಿದ್ರೆ ಕೊಳಕ್ಕೆ ದುಡ್ಡು ಉಳಿಯಲ್ಲ ಅಂತ ನಗರಸಭೆಯೋರು ಹೇಳ್ತಿದಾರೆ."

ಕಪ್ಪೆ ಕೊಳದ ಕಡೆ ತಿರುಗಿ ನೋಡಿದಳು. ಕೊಳದ ನಡುವೆ ಒಂದು ಹಗ್ಗ ಕಟ್ಟಿದ್ದರು. ಈಚೆ ಕಡೆ ನೀರು ಎದೆಮಟ್ಟ, ಆಚೆ ಕಡೆ ಕಡುನೀಲಿ ಆಳ. ಮುಂದಿನ ತಿಂಗಳು ನಿನ್ನನ್ನ ಹಗ್ಗದ ಆಚೆ ಬಿಡ್ತೀನಿ ಅಂತ ಮೇಡಂ ಮಾತು ಕೊಟ್ಟಿದ್ದರು. ರಾತ್ರಿ ಹಾಸಿಗೆಯಲ್ಲೂ ಕಾಲು ಬಡಿದು ಬಡಿದು ಪ್ರಾಕ್ಟೀಸ್ ಮಾಡಿದ್ದಳು ಅವಳು.

ಮಕ್ಕಳಲ್ಲಿ ಜೋರು ಚರ್ಚೆ ಶುರುವಾಯಿತು.

"ಸಂಬಳ ಕೇಳೋದ್ರಲ್ಲಿ ತಪ್ಪೇನು? ನಾನೂ ಅಪ್ಪನ ಹತ್ರ ಪಾಕೆಟ್ ಮನಿ ಜಾಸ್ತಿ ಕೇಳ್ತೀನಿ," ಎಂದ ಒಬ್ಬ.

"ಕೊಡ್ತಾರಾ?"

"ಇಲ್ಲ."

"ನೀನೂ ಯೂನಿಯನ್ ಮಾಡು. ನಿನ್ ತಂಗೀನ ಸೇರಿಸ್ಕೋ."

"ಸೇರಿಸ್ಕೊಂಡಿದ್ದೆ ಕಣೋ. ಒಂದೇ ಒಂದು ಚಾಕ್ಲೇಟಿಗೆ ಅಪ್ಪನ ಕಡೆ ಹೋಗ್ಬಿಟ್ಲು!"

"ಮೇಡಂ, ನೀವು ಯಾರ ಕಡೆ?"

"ನಂಗೂ ಸಂಬಳ ಏರಿ ಎಷ್ಟೋ ಕಾಲ ಆಯ್ತು. ನಮಗೆ ಯೂನಿಯನ್ನೂ ಇಲ್ಲ. ಕೊಳ ಮುಚ್ಚಿದ್ರೆ ಕೆಲಸಾನೂ ಇಲ್ಲ," ಎಂದರು ಮೇಡಂ. "ಯಾರ ಕಡೆ ಅಂತ ನಂಗೇ ಗೊತ್ತಿಲ್ಲ ಕಣ್ರೋ. ನೀರಿಗಿಳೀರಿ ಎಲ್ರೂ!" ಎಂದು ಜೋರಾಗಿ ಸೀಟಿ ಊದಿದರು.

ಕಪ್ಪೆಯ ಪಕ್ಕದಲ್ಲಿ ಪೆನ್ಸಿಲ್ ನಿಂತಿದ್ದಳು. ಪೆನ್ಸಿಲ್ ಅವಳ ಜೀವದ ಗೆಳತಿ. ಉದ್ದಕ್ಕೆ, ಸಣ್ಣಕ್ಕೆ, ತಲೆ ಮೇಲೆ ರಬ್ಬರಿನಂಥ ಕೆಂಪು ಈಜು ಟೋಪಿ. ಅವಳ ಅಪ್ಪ ನಗರಸಭೆಯಲ್ಲಿ ಬಜೆಟ್ಟಿನ ಲೆಕ್ಕ ನೋಡುವವರು.

"ನಿಮ್ಮಮ್ಮನ ಯೂನಿಯನ್ ಸುಮ್ನಿದ್ದಿದ್ರೆ ಕೊಳ ಮುಚ್ತಾನೇ ಇರ್ಲಿಲ್ಲ," ಎಂದಳು ಪೆನ್ಸಿಲ್.

"ನಿಮ್ಮಪ್ಪ ದುಡ್ಡು ಬಚ್ಚಿಟ್ಕೊಂಡು ಇಲ್ಲ ಅಂತಿದಾರೆ!"

"ಬಚ್ಚಿಟ್ಕೊಳ್ಳೋಕೆ ಅದೇನು ಬಿಸ್ಕೆಟ್ಟಾ? ಇರೋದು ಒಂದೇ ಪೆಟ್ಟಿಗೆ ಕಣೇ. ಬಸ್ಸು, ಬೀದಿ ದೀಪ, ಕೊಳ, ಎಲ್ಲಾ ಅದ್ರಲ್ಲೇ ಆಗ್ಬೇಕು."

"ಹಂಗಾದ್ರೆ ನಾಳೆಯಿಂದ ನಮ್ಮಮ್ಮನ ಬಸ್ಸು ಹತ್ಬೇಡ. ನಡ್ಕೊಂಡು ಹೋಗು!"

ಪೆನ್ಸಿಲ್ ತನ್ನ ಟೋಪಿ ಕಿತ್ತುಕೊಂಡು ಹೊರಟೇ ಹೋದಳು.

* * *

ಮನೆಯಲ್ಲಿ ಇದ್ದದ್ದು ಅಮ್ಮ ಮತ್ತು ಕಪ್ಪೆ, ಇಬ್ಬರೇ. ಅಮ್ಮ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು.

"ನಿಮ್ಮ ಯೂನಿಯನ್ ಸೋತು ಹೋಗ್ಲಿ," ಎಂದಳು ಕಪ್ಪೆ.

ಅಮ್ಮ ಬೈಯಲಿಲ್ಲ. "ಕೊಳದ ವಿಷಯ ಗೊತ್ತಾಯ್ತಾ?" ಎಂದು ಕೇಳಿದಳು.

"ನಿಂಗೆ ಮುಂಚೇನೇ ಗೊತ್ತಿತ್ತಾ? ಮತ್ತೆ ಯಾಕೆ ಕೇಳ್ತಿದೀರ ಸಂಬಳ?"

"ಅಂಗಡಿಯೋನು ರೇಟ್ ಏರಿಸೋವಾಗ ನನ್ನ ಕೇಳ್ತಾನಾ? ಬಾಡಿಗೆ ಏರುತ್ತೆ, ನಿನ್ನ ಶೂ ಸೈಜೂ ಏರುತ್ತೆ. ನನ್ನ ಸಂಬಳ ಮಾತ್ರ ಇದ್ದಲ್ಲೇ ಕೂತಿದೆ," ಎಂದಳು ಅಮ್ಮ. "ಒಂದ್ಸಲ ಒಬ್ಬಳೇ ಹೋಗಿ ಕೇಳಿದ್ದೆ. ನೋಡೋಣ ಅಂದ್ರು. ಇನ್ನೂ ನೋಡ್ತಾನೇ ಇದಾರೆ. ಅದಕ್ಕೇ ಈಗ ಎಲ್ರೂ ಸೇರಿ ಕೇಳ್ತಿದೀವಿ."

"ನಂಗೊತ್ತಿಲ್ಲ. ನಂಗೆ ಕೊಳ ಬೇಕು."

"ನಂಗೂ ಬೇಕು ಕಣೇ."

ಕಪ್ಪೆ ಗೋಡೆ ಕಡೆ ತಿರುಗಿ ಮಲಗಿದಳು.

* * *

ಮರುದಿನ ಬೆಳಿಗ್ಗೆ ಪೆನ್ಸಿಲ್ ಬಸ್ಸು ಹತ್ತಿದಳು, ಆದರೆ ಕಟ್ಟಕಡೆಯ ಸೀಟಿಗೆ ಹೋಗಿ ಕೂತಳು. ನೀರಿನ ಟ್ಯಾಂಕ್ ಬಂತು. ಎಂಜಿನ್ ಆಫ್ ಆಯಿತು. ಕಂಡಕ್ಟರ್ ಮಾಮ ಬಾಟಲಿ ತುಂಬಿಸಲು ನಲ್ಲಿಯ ಹತ್ತಿರ ಹೋದ. ಅಮ್ಮ ಡಬ್ಬಿ ತೆರೆದಳು.

"ಶುರುವಾಯ್ತಪ್ಪಾ ಊಟದ ಪೀರಿಯಡ್ಡು!" ಹಿಂದಿನಿಂದ ಕೂಗು.

"ಇವತ್ತೂ ಸಾಲಲ್ಲಿ ನಿಂತ್ಕೋಬೇಕು. ಥ್ಯಾಂಕ್ಯೂ ಕಪ್ಪೆ!"

ಕಪ್ಪೆಯ ಕಿವಿ ಬಿಸಿಯಾಯಿತು. ಅಮ್ಮ ನಿಧಾನಕ್ಕೆ ಅಗಿಯುತ್ತಲೇ ಇದ್ದಳು. ಕಪ್ಪೆ ಎದ್ದು ನಿಂತಳು. ಕೈ ಮೇಲಕ್ಕೆ ಹೋಯಿತು.

ಟಿಂಗ್ ಟಿಂಗ್!

ಅಮ್ಮ ಹಿಂತಿರುಗಿಯೂ ನೋಡಲಿಲ್ಲ. ಬಾಯಲ್ಲಿ ತುತ್ತು ಹಾಗೆಯೇ ಇತ್ತು. ಒಂದು ಕೈ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿತು, ಇನ್ನೊಂದು ಕೈ ಕೀಲಿ ತಿರುಗಿಸಿತು, ಕಾಲು ತಾನೇ ಪೆಡಲ್ ಒತ್ತಿತು. ಬಸ್ಸು ಹೊರಟೇಬಿಟ್ಟಿತು! ಡಬ್ಬಿ ಉರುಳಿ ತಿಂಡಿಯೆಲ್ಲ ನೆಲದ ಪಾಲಾಯಿತು.

"ಅಕ್ಕಾ! ಅಕ್ಕೋ! ನಾನು ಇಲ್ಲಿದೀನಿ! ನನ್ನ ಬಿಟ್ಟು ಹೋಗ್ಬೇಡಿ ಅಕ್ಕಾ!"

ಕಂಡಕ್ಟರ್ ಮಾಮ ಹಿಂದೆ ಓಡಿ ಬರುತ್ತಿದ್ದ. ಟಿಕೆಟ್ ಚೀಲ ಹೊಟ್ಟೆ ಮೇಲೆ ಡಬಡಬ ಕುಣಿಯುತ್ತಿತ್ತು, ಬಾಟಲಿಯ ನೀರೆಲ್ಲ ಅವನ ತಲೆ ಮೇಲೆಯೇ ಚೆಲ್ಲುತ್ತಿತ್ತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಮ್ಮ ಬ್ರೇಕ್ ಹಾಕಿದಳು. ಮಾಮ ಏದುಸಿರು ಬಿಡುತ್ತಾ ಹತ್ತಿದ. "ಯಾ... ಯಾರು ಬೆಲ್ ಹೊಡ್ದಿದ್ದು?"

ಎಲ್ಲರೂ ಕಪ್ಪೆಯನ್ನೇ ನೋಡಿದರು.

ಅಮ್ಮ ಬಾಯಲ್ಲಿದ್ದುದನ್ನು ಈಗ ನುಂಗಿದಳು. ನೆಲದ ಮೇಲೆ ಬಿದ್ದ ಡಬ್ಬಿ ನೋಡಿದಳು. ಆಮೇಲೆ ತನ್ನ ಕೈಯನ್ನೇ, ಯಾರದೋ ಕೈ ಎಂಬಂತೆ, ನೋಡಿಕೊಂಡಳು.

"ನೋಡಿದ್ಯಾ, ಈ ಕೈ ನನ್ನ ಒಂದು ಮಾತೂ ಕೇಳ್ಲಿಲ್ಲ," ಎಂದಳು ಮೆಲ್ಲಗೆ. "ಇಷ್ಟು ವರ್ಷ ಹಿಂಗೇ ಓಡಿ ಓಡಿ..."

ಕಪ್ಪೆ ಬಗ್ಗಿ ಡಬ್ಬಿಯ ಮುಚ್ಚಳ ಹುಡುಕಿದಳು. ಅದು ಸೀಟಿನ ಕೆಳಗೆ ಉರುಳಿ ಹೋಗಿತ್ತು. ಅದನ್ನು ತೆಗೆಯುವ ನೆಪದಲ್ಲಿ ಅವಳು ತುಂಬಾ ಹೊತ್ತು ಕೆಳಗೇ ಇದ್ದಳು.

* * *

ಅವತ್ತು ಸಂಜೆ ನಗರಸಭೆ ಆಫೀಸಿನಲ್ಲಿ ಯೂನಿಯನ್‌ನವರಿಗೂ ನಗರಸಭೆಯವರಿಗೂ ಮಾತುಕತೆ. ಯೂನಿಯನ್ ಕಡೆಯಿಂದ ಮಾತಾಡುವವರಲ್ಲಿ ಅಮ್ಮನೂ ಇದ್ದಳು. ಅಮ್ಮ ಒಳಗೆ ಹೋದಳು, ಕಪ್ಪೆ ಹೊರಗೆ ಬೆಂಚಿನ ಮೇಲೆ ಕೂತಳು.

ಬೆಂಚಿನ ಇನ್ನೊಂದು ತುದಿಯಲ್ಲಿ ಪೆನ್ಸಿಲ್! ಈಜು ಇಲ್ಲದ ದಿನ ಸ್ಕೂಲು ಬಿಟ್ಟ ಮೇಲೆ ಅಪ್ಪನಿಗಾಗಿ ಅವಳು ಕಾಯುವುದು ಅಲ್ಲೇ. ಕಪ್ಪೆಗೆ ಅದು ಮರೆತೇ ಹೋಗಿತ್ತು.

ಇಬ್ಬರೂ ಎದುರಿನ ಗೋಡೆ ನೋಡಿದರು. ಗೋಡೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಬಾಗಿಲಿನ ಆಚೆಯಿಂದ ದನಿಗಳು ಕೇಳುತ್ತಿದ್ದವು. ಒಮ್ಮೆ ಅಮ್ಮನದು. "ಹತ್ತು ನಿಮಿಷ ಕೂತು ತಿಂದ್ರೆ ಬಸ್ಸು ಲೇಟಾಗುತ್ತೆ ಅಂದ್ರೆ, ತಪ್ಪು ನನ್ನ ಡಬ್ಬೀದಾ, ನಿಮ್ಮ ಟೈಮ್‌ಟೇಬಲ್ದಾ?"

ಒಮ್ಮೆ ಪೆನ್ಸಿಲ್ ಅಪ್ಪನದು. "ಅಕ್ಕಾ, ಒಪ್ತೀನಿ. ಆದ್ರೆ ಇಲ್ಲದ ದುಡ್ಡನ್ನ ಎಲ್ಲಿಂದ ತರ್ಲಿ? ತೆರಿಗೆ ಏರಿಸಿದ್ರೆ ಜನ ನನ್ನನ್ನ ಬಿಡ್ತಾರಾ?"

ಪೆನ್ಸಿಲ್ ಬಾಯಿ ಬಿಗಿಹಿಡಿದಿದ್ದಳು. ಇದ್ದಕ್ಕಿದ್ದಂತೆ ಅವಳ ಭುಜ ಕುಣಿಯತೊಡಗಿತು.

"ಅಳ್ತಿದ್ಯಾ?" ಎಂದು ಕೇಳಿದಳು ಕಪ್ಪೆ.

"ಇಲ್ಲ ಕಣೇ... ಮಾಮ... ಬಾಟಲಿ... ತಲೆ ಮೇಲೆ..." ಪೆನ್ಸಿಲ್‌ಗೆ ನಗು ತಡೆಯಲಾಗಲಿಲ್ಲ. ಕಪ್ಪೆಗೂ ಆಗಲಿಲ್ಲ. ಒಳಗಿನಿಂದ ಯಾರೋ "ಶ್!" ಎಂದರು. ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು. ನಕ್ಕು ಮುಗಿಯುವಷ್ಟರಲ್ಲಿ ಇಬ್ಬರೂ ಬೆಂಚಿನ ನಡುವಿಗೆ ಬಂದಿದ್ದರು.

"ಯಾವುದನ್ನ ಮುಚ್ಚಬಹುದು ಅಂತ ಅಪ್ಪನೇ ಬರೀಬೇಕಿತ್ತು," ಎಂದಳು ಪೆನ್ಸಿಲ್. "ಕೊಳ ಅಂತ ಬರೆದು ಮನೆಗೆ ಬಂದು ಊಟಾನೇ ಮಾಡ್ಲಿಲ್ಲ. ನಾನು ಅಲ್ಲಿಗೇ ಹೋಗ್ತೀನಲ್ಲ."

"ನಮ್ಮಮ್ಮನೂ ಇವತ್ತು ತಿಂಡಿ ತಿನ್ಲಿಲ್ಲ," ಎಂದಳು ಕಪ್ಪೆ. "ನನ್ನಿಂದ."

ಆಮೇಲೆ ತುಂಬಾ ಹೊತ್ತು ಇಬ್ಬರೂ ಬಾಗಿಲನ್ನೇ ನೋಡುತ್ತಾ ಕೂತರು. ಒಳಗೆ ದನಿಗಳು ಏರಿದವು, ಇಳಿದವು. ಒಮ್ಮೆ ಏನೂ ಕೇಳಿಸದಾಯಿತು. ಕಪ್ಪೆ ಪೆನ್ಸಿಲ್‌ನ ಕೈ ಹಿಡಿದುಕೊಂಡಳು.

ಬಾಗಿಲು ತೆರೆಯಿತು. ಅಮ್ಮನ ಮುಖದಲ್ಲಿ ಸುಸ್ತು. ಪೆನ್ಸಿಲ್ ಅಪ್ಪನ ಮುಖದಲ್ಲೂ ಸುಸ್ತು. ಯಾರು ಗೆದ್ದರು, ಯಾರು ಸೋತರು ಅಂತ ನೋಡಿದರೆ ಗೊತ್ತಾಗುತ್ತಲೇ ಇರಲಿಲ್ಲ.

"ಅಮ್ಮಾ... ಕೊಳ?"

"ಮುಚ್ಚಲ್ಲ. ವಾರಕ್ಕೊಂದು ದಿನ ರಜಾ, ಅಷ್ಟೇ."

"ಸಂಬಳ?"

"ಕೇಳಿದಷ್ಟು ಇಲ್ಲ. ಈ ವರ್ಷ ಅರ್ಧ, ಬರೋ ವರ್ಷ ಅರ್ಧ. ಆದ್ರೆ ನನ್ನ ಹತ್ತು ನಿಮಿಷ ಇನ್ಮೇಲೆ ಟೈಮ್‌ಟೇಬಲ್ಲಲ್ಲೇ ಇರುತ್ತೆ." ಅಮ್ಮ ಒಂದು ಹುಬ್ಬು ಏರಿಸಿದಳು. "ಸೋಮವಾರದಿಂದ ಬಸ್ಸು ಹತ್ತು ನಿಮಿಷ ಬೇಗ ಹೊರಡುತ್ತೆ. ನೀವೂ ಬೇಗ ಏಳ್ಬೇಕು, ಮಹಾರಾಣಿಯರೇ."

"ಅಯ್ಯೋ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಆದರೆ ಕಪ್ಪೆಯ ಎದೆಯ ಮೇಲಿದ್ದ ಭಾರ ಪೂರ್ತಿ ಇಳಿದುಹೋಗಿತ್ತು. ಆ ಕಾರಿಡಾರಿನಲ್ಲೇ ಈಜಿಬಿಡೋಣ ಅನ್ನಿಸುವಷ್ಟು.

"ಆಫೀಸಿನ ಮುಂದೆ ಕಾರಂಜಿ ಮಾಡ್ಬೇಕು ಅಂತಿತ್ತು. ಅದನ್ನ ಬಿಟ್ಟೆ," ಎಂದರು ಪೆನ್ಸಿಲ್ ಅಪ್ಪ ಮಗಳಿಗೆ. ಆಮೇಲೆ ಅಮ್ಮನ ಕಡೆ ತಿರುಗಿ, "ಅಕ್ಕಾ, ನಾಳೆಯಾದ್ರೂ ಬಸ್ಸು ಟೈಮಿಗೆ ಬರುತ್ತೆ ತಾನೆ? ಲೇಟಾಗಿ ಬಂದು ಬಂದು ನಮ್ಮ ಸಾಹೇಬ್ರ ಹತ್ರ ದಿನಾ ಬೈಸ್ಕೊಂಡಿದೀನಿ," ಎಂದರು.

"ಅಯ್ಯೋ, ನೀವೂ ಬಸ್ಸಲ್ಲೇ ಬರೋದಾ?"

"ಮತ್ತೆ? ಬಜೆಟ್ ನೋಡೋನಿಗೆ ಕಾರೆಲ್ಲಿಂದ ಬರ್ಬೇಕು?"

ಅಮ್ಮ ನಕ್ಕಳು. ತುಂಬಾ ದಿನದ ಮೇಲೆ ಅಮ್ಮ ಹಾಗೆ ನಕ್ಕಿದ್ದು.

* * *

ಸೋಮವಾರ. ಬಸ್ಸಿನ ಅರ್ಧ ಮಕ್ಕಳು ತೂಕಡಿಸುತ್ತಿದ್ದರು, ಇನ್ನರ್ಧ ಆಕಳಿಸುತ್ತಿದ್ದರು. ಪೆನ್ಸಿಲ್ ಮತ್ತೆ ಮುಂದಿನ ಸೀಟಿಗೆ, ಕಪ್ಪೆಯ ಪಕ್ಕಕ್ಕೆ ಬಂದಿದ್ದಳು.

ನೀರಿನ ಟ್ಯಾಂಕ್ ಬಂತು. ಎಂಜಿನ್ ನಿಂತಿತು. ಅಮ್ಮ ಡಬ್ಬಿ ತೆರೆದಳು. ಕಂಡಕ್ಟರ್ ಮಾಮ ಬಾಟಲಿ ತುಂಬಿಸಿಕೊಂಡು ಓಡಿ ಬಂದು ಹತ್ತಿದ.

"ನೋಡ್ಕೋ, ನಾನು ಹತ್ತಿದೀನಿ ಇವತ್ತು!" ಎಂದ ಕಪ್ಪೆಗೆ. ಆಮೇಲೆ ಹಿಂದೆ ಟಿಕೆಟ್ ಕೊಡಲು ಹೋಗುತ್ತಾ, "ಟೈಮ್ ಆದಾಗ ನೀನೇ ಹೊಡಿಯಮ್ಮ," ಎಂದ.

ಕಪ್ಪೆ ಎದ್ದು ಹಗ್ಗ ಹಿಡಿದಳು.

"ಏ ಕಪ್ಪೆ, ಎಲ್ರೂ ಹತ್ತಾಯ್ತು. ಹೊಡಿಯೇ!" ಹಿಂದಿನಿಂದ ಯಾರೋ ಕೂಗಿದರು.

ಕಪ್ಪೆ ಹೊಡೆಯಲಿಲ್ಲ. ಕನ್ನಡಿಯಲ್ಲಿ ಅಮ್ಮನ ಮುಖ ಕಾಣುತ್ತಿತ್ತು. ಅಮ್ಮ ಕಿಟಕಿಯಾಚೆ ಏನನ್ನೋ ನೋಡುತ್ತಾ, ನಿಧಾನಕ್ಕೆ ಅಗಿಯುತ್ತಿದ್ದಳು. ಅಮ್ಮನಿಗೆ ತಿನ್ನುವಾಗ ಕೆನ್ನೆಯಲ್ಲಿ ಒಂದು ಸಣ್ಣ ಗುಳಿ ಬೀಳುತ್ತದೆ. ಕಪ್ಪೆ ಅದನ್ನು ಇಷ್ಟು ದಿನ ನೋಡಿಯೇ ಇರಲಿಲ್ಲ.

ಅಮ್ಮ ಕೊನೆಯ ತುತ್ತು ತಿಂದಳು. ನೀರು ಕುಡಿದಳು. ಬಾಯಿ ಒರೆಸಿಕೊಂಡಳು. ಡಬ್ಬಿಗೆ ಮುಚ್ಚಳ ಹಾಕಿ ಒತ್ತಿದಳು. ಟಕ್.

ಆಮೇಲೆ ಕಪ್ಪೆ ಹಗ್ಗ ಎಳೆದಳು.

ಟಿಂಗ್ ಟಿಂಗ್!