ಕಾಲುಚೀಲದಲ್ಲಿದ್ದ ರಿವಾಲ್ವರ್

ಅಕ್ಕ ಆರ್ಡಿತ್ ಆ ರಿವಾಲ್ವರನ್ನು ಕಾಲುಚೀಲದಲ್ಲಿ ಇಡುತ್ತಿದ್ದಳು. ಮಿಕ್ಕಿದ್ದೆಲ್ಲವನ್ನೂ ಕ್ಷಮಿಸುವಷ್ಟು ದೊಡ್ಡ ಮನಸ್ಸು ತನಗಿದೆ ಎಂದು ಹೋಬರ್ಟ್ ಕ್ಲಿಂಗರ್ ನಂಬಿದ್ದ. ಕಾಲುಚೀಲವನ್ನು ಮಾತ್ರ ಕ್ಷಮಿಸಲಾಗಲಿಲ್ಲ. ಅದೂ ಜೊತೆ ಕಳೆದುಹೋದ, ಹೆಬ್ಬೆರಳಿನ ಹತ್ತಿರ ತೂತು ಬಿದ್ದ ಉಣ್ಣೆಯ ಕಾಲುಚೀಲ.

ರಿವಾಲ್ವರ್ ಅವರ ಅಜ್ಜಿಯದು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಐದು ಗುಂಡಿನದು, ನಿಕ್ಕಲ್ ಲೇಪದ್ದು, ಹಿಡಿಗೆ ಮುತ್ತಿನ ಚಿಪ್ಪು. ಅಂಥ ಪುಟ್ಟ ಹಳೆಯ ರಿವಾಲ್ವರುಗಳನ್ನು ಕಲೆಹಾಕುವುದರಲ್ಲಿ ಓಹಾಯೋದ ಆ ಗುಡ್ಡಗಾಡಿನಲ್ಲಿ ಹೋಬರ್ಟನನ್ನು ಮೀರಿಸಿದವರಿರಲಿಲ್ಲ. ಹಲ್ಲಿನ ಡಾಕ್ಟರಾಗಿ ಊರಿನವರ ಬಾಯಲ್ಲಿ ಕೈಯಾಡಿಸಿ ಗಳಿಸಿದ್ದನ್ನೆಲ್ಲ ಅವುಗಳಿಗೇ ಸುರಿದಿದ್ದ. ನೆಲಮಾಳಿಗೆಯ ಗಾಜಿನ ಕಪಾಟುಗಳಲ್ಲಿ, ಹಸಿರು ಮಖಮಲ್ಲಿನ ಮೇಲೆ, ಅವು ಸಾಲಾಗಿ ಮಲಗಿದ್ದವು. ಹತ್ತಿಯ ಕೈಗವಸಿಲ್ಲದೆ ಯಾರೂ ಮುಟ್ಟುವಂತಿಲ್ಲ. ಗುಂಡು ಹಾರಿಸುವ ಮಾತು ಎತ್ತಿದವರಿಗೆ ಕಾಫಿಯೂ ಸಿಗುತ್ತಿರಲಿಲ್ಲ. ಹೀಗಿದ್ದೂ ಅಜ್ಜಿ ಸಾಯುವಾಗ ಮೊಮ್ಮಗನಿಗೆ ಗೋಡೆ ಗಡಿಯಾರ ಬಿಟ್ಟು, ರಿವಾಲ್ವರನ್ನು ದನ ಕುದುರೆಗಳ ಡಾಕ್ಟರಾಗಿದ್ದ ಮೊಮ್ಮಗಳಿಗೆ ಕೊಟ್ಟುಹೋದಳು. ಆ ಗಡಿಯಾರ ನಡೆಯುತ್ತಲೂ ಇರಲಿಲ್ಲ.

ಆರ್ಡಿತ್ ಪ್ರತಿ ಬೇಸಿಗೆಯಲ್ಲಿ ಊರಿನ ಬಂದೂಕು ಕ್ಲಬ್ಬಿನ ಹಳೆ ರಿವಾಲ್ವರುಗಳ ಪಂದ್ಯಕ್ಕೆ ಬರುತ್ತಿದ್ದಳು. ಕಾಲುಚೀಲ ಜಾಡಿಸಿ, ರಿವಾಲ್ವರ್ ತೆಗೆದು, ಕಾಗದದ ಗುರಿಯ ನಟ್ಟನಡುವೆ ತೂತು ಮಾಡಿ, ಹಂದಿಮಾಂಸದ ಸ್ಯಾಂಡ್‌ವಿಚ್ ತಿಂದು ಮನೆಗೆ ಹೋಗುತ್ತಿದ್ದಳು. ಹೋಬರ್ಟನ ತೀರ್ಮಾನ ಸ್ಪಷ್ಟವಾಗಿತ್ತು: ಗೆಲ್ಲುವುದು ಆ ಅಪರೂಪದ ನಳಿಗೆ, ಚಪ್ಪಾಳೆ ಮಾತ್ರ ಅಕ್ಕನಿಗೆ.

"ನಂಗೆ ಕೊಟ್ಬಿಡೇ ಅಕ್ಕ, ಚೆನ್ನಾಗಿ ನೋಡ್ಕೋತೀನಿ," ಎಂದು ಎಷ್ಟೋ ಸಲ ಗೋಗರೆದಿದ್ದ.

"ನಿನ್ ಕೈಗೆ ಸಿಕ್ರೆ ಮಖಮಲ್ಲಿನ ಮೇಲೆ ಹೆಣದ ಥರ ಮಲಗಿಸ್ತೀಯ ಕಣೋ. ಅದಕ್ಕಿನ್ನೂ ಜೀವ ಇದೆ."

ಆ ವರ್ಷ ವಸಂತದಲ್ಲಿ ರಿವಾಲ್ವರಿನ ಸ್ಪ್ರಿಂಗ್ ಸಡಿಲವಾಯಿತು. ಆರ್ಡಿತ್ ಅದನ್ನು ರಿಪೇರಿಗೆಂದು ಕಾಲುಚೀಲದ ಸಮೇತ ತಂದು ತಮ್ಮನ ಅಡುಗೆಮನೆ ಮೇಜಿನ ಮೇಲಿಟ್ಟಳು.

"ಜೋಪಾನ ಕಣೋ."

"ನನ್ನದೇ ಅನ್ಕೊಂಡು ನೋಡ್ಕೋತೀನಿ," ಎಂದ ಹೋಬರ್ಟ್. ಆ ವರ್ಷ ಅವನು ಆಡಿದ ಒಂದೇ ಪ್ರಾಮಾಣಿಕ ಮಾತು ಅದು.

ಕಳ್ಳತನ ಎಂಬ ಶಬ್ದವನ್ನು ಅವನು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಕಳ್ಳರು ಕಿಟಕಿ ಒಡೆಯುತ್ತಾರೆ. ತಾನು ಪರಂಪರೆಯನ್ನು ಕಾಪಾಡುತ್ತಿದ್ದೇನೆ. ಅದೇ ಕಾರ್ಖಾನೆಯ ಅದೇ ಮಾದರಿಯ, ತುಕ್ಕು ಹಿಡಿದು ಮೂಲೆ ಸೇರಿದ್ದ ಒಂದನ್ನು ದೂರದ ಪ್ರದರ್ಶನವೊಂದರಲ್ಲಿ ಕೊಂಡು ತಂದ. ಮುಂದಿನ ವಾರಗಳಲ್ಲಿ ಅವನ ಹಲ್ಲಿನ ರೋಗಿಗಳಿಗೆ ಡಾಕ್ಟರು ಬಹಳ ಲವಲವಿಕೆಯಿಂದಿರುವಂತೆ ಕಂಡಿತು. ದವಡೆ ಹಲ್ಲು ತುಂಬುವ ಸೂಕ್ಷ್ಮ ಉಪಕರಣಗಳಿಂದಲೇ ಅವನು ತುಕ್ಕು ಕೆರೆದ, ಕ್ರಮಸಂಖ್ಯೆ ಕೊರೆದ, ಹೊಸ ನಿಕ್ಕಲ್ ಹಚ್ಚಿ ಅಜ್ಜಿಯ ಬೆರಳು ಸವೆಸಿದ ಕಡೆಯೆಲ್ಲ ಮತ್ತೆ ಸವೆಸಿದ. ಚಿಪ್ಪಿನ ಹಿಡಿಯಲ್ಲಿದ್ದ ಕೂದಲೆಳೆಯ ಬಿರುಕನ್ನು ಕೂಡ ಬಿಡಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ದೀಪ ಹಿಡಿದು ನೋಡಿದಾಗ ಅವನ ಕಣ್ಣು ತೇವವಾಯಿತು. ತನ್ನ ಪ್ರತಿಭೆಯನ್ನು ಇನ್ನೊಬ್ಬರಿಗೆ ತೋರಿಸುವಂತಿಲ್ಲವಲ್ಲ ಎಂಬುದೊಂದೇ ಕೊರಗು.

ಹೊರಗಿನ ರೂಪ ಒಂದೇ ಸಾಲದು ಎಂದೂ ಅವನಿಗೆ ಹೊಳೆಯಿತು. ಅಕ್ಕ ಇದರಿಂದ ಗುಂಡು ಹೊಡೆಯುವವಳು. ನಕಲಿ ಅಡ್ಡಾದಿಡ್ಡಿ ಹೊಡೆದರೆ ಅನುಮಾನ ಬಂದೀತು. ಹಾಗಾಗಿ ಬದುಕಿನಲ್ಲಿ ಮೊದಲ ಬಾರಿಗೆ ಕಿವಿಗೆ ಹತ್ತಿ ತುರುಕಿಕೊಂಡು, ಪಾಳುಬಿದ್ದ ಕಲ್ಲುಗಣಿಗೆ ಹೋಗಿ, ನಕಲಿಯನ್ನು ಇಕ್ಕಳದಲ್ಲಿ ಬಿಗಿದು ಹಾರಿಸಿದ. ನಳಿಗೆಯನ್ನು ತಿದ್ದಿದ, ಮತ್ತೆ ಹಾರಿಸಿದ. ಕೊನೆಗೆ ಅದು ದಾರ ಹಿಡಿದಂತೆ ನೇರವಾಗಿ ಹೊಡೆಯತೊಡಗಿತು. ಅಜ್ಜಿಯದನ್ನು ಹಾರಿಸಿ ನೋಡುವ ಯೋಚನೆ ಅವನ ತಲೆಗೆ ಬರಲೇ ಇಲ್ಲ. ದೇವರ ವಿಗ್ರಹದಿಂದ ಯಾರಾದರೂ ತೆಂಗಿನಕಾಯಿ ಒಡೆದು ನೋಡುತ್ತಾರೆಯೇ? ಅದು ಆಗಲೇ ಮಖಮಲ್ಲಿನ ಮೇಲೆ ಮಲಗಿತ್ತು.

ನಕಲಿಯನ್ನು ಕಾಲುಚೀಲಕ್ಕೆ ತುಂಬಿ, ಪಂದ್ಯದ ದಿನ ಬೆಳಿಗ್ಗೆ ಕ್ಲಬ್ಬಿನ ಬಾಗಿಲಲ್ಲೇ ಅಕ್ಕನ ಕೈಗಿಟ್ಟ. ಮುಂಚೆ ಕೊಟ್ಟರೆ ತಿರುವಿ ಮುರುವಿ ನೋಡಿಯಾಳು. ಈಗ ಅದಕ್ಕೆ ಬಿಡುವಿಲ್ಲ. ಇದೂ ಅವನ ಜಾಣತನದ ಪಟ್ಟಿಗೆ ಸೇರಿತು.

"ಸ್ಪ್ರಿಂಗ್ ಚೆನ್ನಾಗಿ ಕೂರಿಸಿದ್ದೀಯಲ್ಲೋ," ಎಂದು ಆರ್ಡಿತ್ ಅವನ ಬೆನ್ನು ತಟ್ಟಿದಳು.

ಅವಳ ಸರದಿ ಬಂತು. ಕಾಲುಚೀಲ ಜಾಡಿಸಿ ನಿಂತು, ಎಂದಿನಂತೆ ಒಂದೇ ಉಸಿರಿನಲ್ಲಿ ಐದೂ ಹೊಡೆದಳು. ಪಂದ್ಯ ನಡೆಸುತ್ತಿದ್ದ ಮರ್ಲ್, ಹಿಂದೆ ಪೊಲೀಸಿನಲ್ಲಿದ್ದವನು, ದುರ್ಬೀನಿನಲ್ಲಿ ನೋಡಿದವನೇ ತಲೆ ಕೆರೆದುಕೊಂಡ.

"ಏನಾಯ್ತು ಆರ್ಡಿತ್? ನಡುವೆ ಒಂದೂ ಇಲ್ವಲ್ಲ. ಐದೂ ಹೋಗಿ ಬಲಗಡೆ ಮೇಲಿನ ಮೂಲೇಲಿ ಕೂತಿವೆ, ಬಾಟಲಿ ಮುಚ್ಚಳದಷ್ಟು ಜಾಗದಲ್ಲಿ!"

ಹೋಬರ್ಟನ ಎದೆಯೊಳಗೆ ಬ್ಯಾಂಡು ಬಾರಿಸಿತು. ರಿವಾಲ್ವರಿಗೆ ರಿವಾಲ್ವರೂ ಸಿಕ್ಕಿತು, ಅಕ್ಕ ಸೋತೂ ಬಿಟ್ಟಳು. ಒಂದೇ ದಿನ ಇಷ್ಟೊಂದು ನ್ಯಾಯ ಅವನು ನಿರೀಕ್ಷಿಸಿರಲಿಲ್ಲ. ಮುಖಕ್ಕೆ ಮರುಕ ತಂದುಕೊಂಡು ಹತ್ತಿರ ಹೋದ. "ಬೇಜಾರ್ ಮಾಡ್ಕೋಬೇಡ್ವೇ ಅಕ್ಕ. ವಯಸ್ಸಾಯ್ತು, ಕೈ ನಡುಗತ್ತೆ."

ಆರ್ಡಿತ್ ಗುರಿಯ ಕಾಗದವನ್ನು ನೋಡುತ್ತಿರಲಿಲ್ಲ, ಕೈಯಲ್ಲಿದ್ದುದನ್ನು ನೋಡುತ್ತಿದ್ದಳು. "ಕೈ ನಡುಗಿದ್ರೆ ಐದೂ ಒಂದೇ ಕಡೆ ಕೂರ್ತಿದ್ವೇನೋ? ನಾನು ಗುರಿ ಇಟ್ಟಿದ್ದೇ ಆ ಮೂಲೆಗೆ ಕಣೋ, ಪ್ರತಿ ವರ್ಷ ಅಲ್ಲಿಗೇ ಇಡೋದು. ಅಜ್ಜಿ ತನ್ನ ರಿವಾಲ್ವರನ್ನ ಕಲ್ಲು ಮೆಟ್ಟಿಲ ಮೇಲೆ ಬೀಳಿಸಿದಾಗ ನೀನು ತೊಟ್ಟಿಲಲ್ಲಿದ್ದೆ. ಅವತ್ತಿಂದ ಅದರ ಗುಂಡು ಎಡಕ್ಕೆ, ಕೆಳಕ್ಕೇ ಹೋಗೋದು. ಹೋಬರ್ಟನಿಗೆ ಸೊಟ್ಟದ್ದು ಕಂಡ್ರಾಗಲ್ಲ, ನೀನೇ ಇಟ್ಕೋ ಅಂತ ನಂಗೆ ಕೊಟ್ಟಳು." ಅವಳು ಅದನ್ನು ಮರ್ಲ್‌ನ ಕೈಗೆ ಕೊಟ್ಟು, ಖಾಲಿ ಕಾಲುಚೀಲವನ್ನು ತಮ್ಮನ ಮುಂದೆ ಹಿಡಿದಳು. "ಇವತ್ತು ಇದು ನೆಟ್ಟಗೆ ಹೊಡೀತು. ನಂದೆಲ್ಲೋ?"